ಕೋಳಿಯ ಕಾಳಿನ ಲೆಕ್ಕ

(ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಕೋಳಿಯ ವಿಷಯ ಮಾತನಾಡಲು ಪಕ್ಷದ ವೇದಿಕೆಯೇ ಬೇಕಿತ್ತೆ ಎಂದು ಬಾಗಿಲಲ್ಲೇ ಇಬ್ಬರು ಗೆಳೆಯರು ನಕ್ಕರು. ನಗಲಿ, ಅದರಿಂದ ನಷ್ಟವಿಲ್ಲ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದರು. ಸರ್ಕಾರದ ಕಡೆಯವರು ಮೂರಲ್ಲ, ಹದಿನೈದಾಣೆ ಎಂದರು. ದೇಶದ ಬಡತನದ ಮೇಲೆ ಅಷ್ಟು ದೊಡ್ಡ ಚರ್ಚೆ ಎದ್ದದ್ದು ಆಣೆಯ ಲೆಕ್ಕದಿಂದ. ಬಡವನ ಲೆಕ್ಕವನ್ನು ಬಡವನೇ ಹಾಕಬೇಕು. ಬೇರೆಯವರು ಹಾಕಿಕೊಟ್ಟ ಲೆಕ್ಕದಲ್ಲಿ ಅವನ ಪಾಲು ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತದೆ. ಆದುದರಿಂದ ಈ ಸಂಜೆ ನಾನು ಹಾಕತಕ್ಕದ್ದು ಕೋಳಿಯ ಕಾಳಿನ ಲೆಕ್ಕ.

ವಿಷಯ ಹುಟ್ಟಿದ್ದು ಹೀಗೆ. ನಮ್ಮ ಓಣಿಗಳಲ್ಲಿ ಹತ್ತು ಹದಿನೈದು ಕೋಳಿ ಸಾಕಿಕೊಂಡ ಮನೆಗಳಿವೆ. ಗಂಡ ಗಿರಣಿಯ ಪಾಳಿಗೆ ಹೋದರೆ ಹೆಂಡತಿ ಮೊಟ್ಟೆ ಮಾರಿ ಮಕ್ಕಳ ಪುಸ್ತಕದ ಖರ್ಚು ತೂಗಿಸುತ್ತಾಳೆ. ಫೀಡ್ ಚೀಲದ ಬೆಲೆ ಏರಿದಾಗಲೆಲ್ಲ ಆ ತಾಯಿ ಕೇಳುವ ಪ್ರಶ್ನೆ ಒಂದೇ: "ಮೆಕ್ಕೆಜೋಳದ ದೊಡ್ಡ ಪೇಟೆಯಲ್ಲೇ ಕೂತಿದ್ದೀವಿ. ತೌಡು ಪಕ್ಕದ ಗಿರಣಿಯಲ್ಲೇ ಸಿಗ್ತದೆ. ನಾವೇ ಮನೆಯಲ್ಲಿ ಬೆರೆಸಿದರೆ ಉಳಿಯೋದಿಲ್ವೆ?"

ಇದಕ್ಕೆ ಎರಡು ಉತ್ತರಗಳು ಓಡಾಡುತ್ತಿವೆ. ಚೀಲ ಮಾರುವವರು "ಅದು ನಿಮ್ಮ ಕೈಲಾಗದ ಕೆಲಸ" ಎನ್ನುತ್ತಾರೆ. ಉತ್ಸಾಹಿಗಳು "ಅರ್ಧಕ್ಕರ್ಧ ಉಳಿಯುತ್ತದೆ" ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ಕಾಗದ ಪೆನ್ಸಿಲು ಹಿಡಿದು ಕೂತದ್ದನ್ನು ನಾನು ಕಂಡಿಲ್ಲ. ನಾವು ಕೂರೋಣ.

ಚೀಲದಲ್ಲಿ ಇರುವುದೇನು?

ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಹತ್ತು ಕೋಳಿಗೆ ದಿನಕ್ಕೆ 1 ಕೆ.ಜಿ. 100 ಗ್ರಾಂ, ತಿಂಗಳಿಗೆ 33 ಕೆ.ಜಿ. ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ನೂರಕ್ಕೆ 65ರಿಂದ 70 ಪಾಲು ಈ ಆಹಾರಕ್ಕೇ ಹೋಗುತ್ತದೆ. ಆದಕಾರಣ ಉಳಿತಾಯ ಎಲ್ಲಾದರೂ ಇದ್ದರೆ ಇಲ್ಲೇ ಇರಬೇಕು.

ಆ ಆಹಾರದಲ್ಲಿ ಮೂರು ಬಗೆಯ ಪದಾರ್ಥ ಇರಬೇಕು. ಮೊದಲನೆಯದು ಮೈಗೆ ಕಸುವು ಕೊಡುವ ಕಾಳು. ನಮ್ಮ ಕಡೆ ಅದು ಮೆಕ್ಕೆಜೋಳ. ಎರಡನೆಯದು ಮಾಂಸ ಮತ್ತು ಮೊಟ್ಟೆ ಕಟ್ಟುವ ಪ್ರೋಟೀನು. ಮೆಕ್ಕೆಜೋಳದಲ್ಲಿ ಅದು ನೂರಕ್ಕೆ ಎಂಟೊಂಬತ್ತು ಪಾಲು ಮಾತ್ರ. ಮೊಟ್ಟೆಯ ಕೋಳಿಗೆ ಬೇಕಾದ್ದು 16ರಿಂದ 18. ಈ ಕೊರತೆ ತುಂಬುವುದು ಹಿಂಡಿ. ಸೋಯಾ ಹಿಂಡಿಯಲ್ಲಿ ನೂರಕ್ಕೆ 45ರಷ್ಟು ಪ್ರೋಟೀನಿದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಬರುವ ಶೇಂಗಾ ಹಿಂಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೂರನೆಯದು ಸುಣ್ಣ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ತಿಂದದ್ದರಲ್ಲಿ ಅರ್ಧದಷ್ಟೇ ಕೋಳಿಗೆ ದಕ್ಕುವುದರಿಂದ ಮೊಟ್ಟೆ ಕಟ್ಟುವ ದಿನ ಅದಕ್ಕೆ 4 ಗ್ರಾಂನಷ್ಟು ಸಿಗಬೇಕು. ಸಿಗದಿದ್ದರೆ ತನ್ನ ಮೂಳೆಯಿಂದ ತೆಗೆದು ಮೊಟ್ಟೆಗೆ ಕೊಡುತ್ತದೆ. ಕೊನೆಗೆ ಕಾಲು ಸೋತು ಕೂತುಬಿಡುತ್ತದೆ. ತನ್ನ ಮೂಳೆ ಸವೆಸಿ ಯಜಮಾನನ ಬುಟ್ಟಿ ತುಂಬಿಸುವ ಕಷ್ಟ ಏನೆಂದು ಗಿರಣಿ ಕಾರ್ಮಿಕರಿಗೆ ನಾನು ವಿವರಿಸಬೇಕಾಗಿಲ್ಲ. (ನಗು)

ಇವುಗಳ ಜೊತೆ ಉಪ್ಪು, ರಂಜಕ, ಖನಿಜ ಮತ್ತು ವಿಟಮಿನ್ನುಗಳ ಮಿಶ್ರಣ. ಅಳತೆಯಲ್ಲಿ ಇವು ಚಿಟಿಕೆ, ಬೆಲೆಯಲ್ಲಿ ಹಿಡಿಯಷ್ಟು.

ನೂರು ಕೆ.ಜಿ. ಮಿಶ್ರಣಕ್ಕೆ ಒಂದು ಸಾಧಾರಣ ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಮೆಕ್ಕೆಜೋಳ 55 ಕೆ.ಜಿ., ಸೋಯಾ ಹಿಂಡಿ 22, ಅಕ್ಕಿ ತೌಡು 12, ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಿನ ಹರಳು 8, ಖನಿಜ-ವಿಟಮಿನ್ ಮಿಶ್ರಣ 2 ಕೆ.ಜಿ. 700 ಗ್ರಾಂ, ಉಪ್ಪು 300 ಗ್ರಾಂ. ಕೂಡಿಸಿದರೆ ನೂರು. ಪ್ರೋಟೀನು ನೂರಕ್ಕೆ 16ರ ಹತ್ತಿರ ಬರುತ್ತದೆ. ಇದು ಮೊಟ್ಟೆ ಇಡುವ ಕೋಳಿಗೆ ಮಾತ್ರ. ಮರಿಗಳಿಗೆ ಇಷ್ಟು ಸುಣ್ಣ ಕೊಡಕೂಡದು.

ಸಗಟಿನ ಲೆಕ್ಕ, ಚಿಲ್ಲರೆಯ ಲೆಕ್ಕ

ಈಗ ಬೆಲೆ. ಮೆಕ್ಕೆಜೋಳಕ್ಕೆ ಕೆ.ಜಿ.ಗೆ 24 ರೂಪಾಯಿ ಹಿಡಿಯುತ್ತೇನೆ. ಇದು 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ, ಕ್ವಿಂಟಲಿಗೆ 2,400. ಮಿಕ್ಕ ದರಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಪೇಟೆಯ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲು ಸಗಟು ದರ. ಮೆಕ್ಕೆಜೋಳ 55 ಕೆ.ಜಿ.ಗೆ 1,320 ರೂಪಾಯಿ. ಸೋಯಾ ಹಿಂಡಿ 45ರಂತೆ 990. ತೌಡು 20ರಂತೆ 240. ಚಿಪ್ಪು 8ರಂತೆ 64. ಖನಿಜ ಮಿಶ್ರಣ 120ರಂತೆ 324. ಉಪ್ಪಿಗೆ 6. ಒಟ್ಟು 2,944 ರೂಪಾಯಿ. ಅಂದರೆ ಕೆ.ಜಿ.ಗೆ ಇಪ್ಪತ್ತೊಂಬತ್ತೂವರೆ. ಅಂಗಡಿಯಲ್ಲಿ 50 ಕೆ.ಜಿ. ಚೀಲಕ್ಕೆ 1,850 ಎಂದಿಟ್ಟುಕೊಂಡರೆ ಕೆ.ಜಿ.ಗೆ 37. ನೂರು ಕೆ.ಜಿ.ಗೆ 3,700. ಉತ್ಸಾಹಿಗಳು ಇಲ್ಲಿಗೇ ಲೆಕ್ಕ ನಿಲ್ಲಿಸಿ, 756 ರೂಪಾಯಿ ಉಳಿಯಿತೆಂದು ಚಪ್ಪಾಳೆ ತಟ್ಟುತ್ತಾರೆ.

ಆದರೆ ಲೆಕ್ಕ ಮುಗಿದಿಲ್ಲ. ಕಾಳು ಮತ್ತು ಹಿಂಡಿ ಸೇರಿ 77 ಕೆ.ಜಿ.ಯನ್ನು ಗಿರಣಿಯಲ್ಲಿ ರವೆಯಾಗಿ ಒಡೆಸಬೇಕು. ಕೆ.ಜಿ.ಗೆ 2 ರೂಪಾಯಿಯಂತೆ 154. ಆಟೋದವರಿಗೆ 100. ಧೂಳು, ಇಲಿ, ತೇವ ಇವುಗಳಿಗೆ ನೂರಕ್ಕೆ ಮೂರು ಪಾಲು ಹೋದರೆ 96. ಈಗ ಒಟ್ಟು 3,294. ಉಳಿದದ್ದು 406, ಕೆ.ಜಿ.ಗೆ ನಾಲ್ಕು ರೂಪಾಯಿ.

ಇದು ಕೂಡ ಸಗಟಿನಲ್ಲಿ ಕೊಂಡವರಿಗೆ. ಹತ್ತು ಕೋಳಿಯ ತಾಯಿಗೆ ಸಗಟು ದರ ಕೊಡುವವರು ಯಾರು? ಅವಳು ಕೊಳ್ಳುವುದು ಚಿಲ್ಲರೆಯಲ್ಲಿ. ಮೆಕ್ಕೆಜೋಳ 28, ಹಿಂಡಿ 55, ತೌಡು 24, ಚಿಪ್ಪು 12, ಖನಿಜ ಮಿಶ್ರಣ ಒಂದು ಕೆ.ಜಿ. ಪೊಟ್ಟಣದಲ್ಲಿ 160 ಎಂದು ಹಿಡಿಯಿರಿ. ಸಾಮಾನಿಗೇ 3,572 ಆಯಿತು. ಒಡೆಸುವ ಕೂಲಿ, ಆಟೋ, ನಷ್ಟ ಸೇರಿಸಿದರೆ 3,941. ಚೀಲಕ್ಕಿಂತ 241 ರೂಪಾಯಿ ಹೆಚ್ಚು!

ಮಿತ್ರರೆ, ಇದೇ ಈ ಸಂಜೆಯ ಮುಖ್ಯ ಮಾತು. ಪದಾರ್ಥ ಅದೇ, ಅಳತೆ ಅದೇ, ಕೋಳಿಯೂ ಅದೇ. ಬದಲಾದದ್ದು ಕೊಳ್ಳುವ ಪ್ರಮಾಣ ಮಾತ್ರ. ಚೂರುಚೂರಾಗಿ ಕೊಳ್ಳುವವನು ಬಡವ. ಹಾಗೆ ಕೊಳ್ಳುವುದರಿಂದಲೇ ಅವನು ಇನ್ನಷ್ಟು ಬಡವ. ಕಾಲು ಕೆ.ಜಿ. ಎಣ್ಣೆಯಲ್ಲಿ, ಒಂದೊಂದು ಪೊಟ್ಟಣ ಸೋಪಿನ ಪುಡಿಯಲ್ಲಿ ನಡೆಯುವ ವ್ಯವಹಾರವೇ ಕೋಳಿಯ ಕಾಳಿನಲ್ಲೂ ನಡೆಯುತ್ತದೆ.

ಇನ್ನೂ ಒಂದು ಬಾಬತ್ತು ಬಿಟ್ಟುಹೋಗಿದೆ. ಬೆರೆಸುವವರು ಯಾರು? ಜೋಳ ಹಸನು ಮಾಡುವವರು, ಗಿರಣಿಯ ಮುಂದೆ ಸರದಿ ಕಾಯುವವರು, ಸಲಿಕೆ ಹಿಡಿದು ಮೇಲೆಕೆಳಗೆ ಮಾಡುವವರು ಯಾರು? ಮನೆಯ ಹೆಂಗಸು. ನೂರು ಕೆ.ಜಿ.ಗೆ ಅರ್ಧ ದಿನ ಬೇಕು. ಆ ಅರ್ಧ ದಿನಕ್ಕೆ ಕೂಲಿ ಹಿಡಿಯದೆ "ಉಳಿತಾಯವಾಯಿತು" ಎನ್ನುವುದು ಗಿರಣಿ ಮಾಲೀಕ ಓವರ್‌ಟೈಮ್ ಕೊಡದೆ "ಲಾಭವಾಯಿತು" ಎಂದಹಾಗೆ. ಕಾರ್ಖಾನೆಯಲ್ಲಿ ಒಪ್ಪದ ಲೆಕ್ಕವನ್ನು ಅಡುಗೆಮನೆಯಲ್ಲಿ ಒಪ್ಪುವುದು ನಮಗೆ ಶೋಭೆಯಲ್ಲ.

ಅಗ್ಗದ ದಾರಿಯ ಅಪಾಯ

ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಹಿಂಡಿಯೂ ಬೇಡ, ಚಿಪ್ಪೂ ಬೇಡ, ಮೆಕ್ಕೆಜೋಳಕ್ಕೆ ಅಕ್ಕಿನುಚ್ಚು ಸೇರಿಸಿ ಚೆಲ್ಲಿದರಾಯಿತು ಎನ್ನುತ್ತಾರೆ. ಕೆ.ಜಿ.ಗೆ 26 ಬಿತ್ತೆನ್ನಿ. ಚೀಲಕ್ಕಿಂತ 11 ಕಡಿಮೆ, 33 ಕೆ.ಜಿ.ಗೆ ತಿಂಗಳಿಗೆ 363 ರೂಪಾಯಿ ಉಳಿಯಿತು. ಆದರೆ ಪ್ರೋಟೀನು ಅರ್ಧಕ್ಕಿಳಿದ ಕೋಳಿ ಮೊಟ್ಟೆ ಕಡಿಮೆ ಮಾಡಿಯೇ ಮಾಡುತ್ತದೆ. ಹತ್ತು ಕೋಳಿಯಲ್ಲಿ ದಿನಕ್ಕೆ ಎರಡು ಮೊಟ್ಟೆ ನಿಂತರೂ 7 ರೂಪಾಯಿಯಂತೆ ತಿಂಗಳಿಗೆ 420 ಹೋಯಿತು. ಉಳಿಸಿದ್ದು ಕಣ್ಣಿಗೆ ಕಾಣುತ್ತದೆ, ಕಳೆದದ್ದು ಕಾಣುವುದಿಲ್ಲ.

ಹಾಗೆಂದು ಮನೆಯ ಮುಸುರೆ, ಸೊಪ್ಪಿನ ಕಡ್ಡಿ, ಮಂಡಕ್ಕಿ ಭಟ್ಟಿಯ ಉದುರು ಇವನ್ನು ಎಸೆಯಬೇಡಿ. ಹಿತ್ತಲಲ್ಲಿ ಕೆದಕಿ ಹುಳಹುಪ್ಪಟೆ ತಿನ್ನುವ ಕೋಳಿ ತನ್ನ ಪಾಲಿನ ಪ್ರೋಟೀನನ್ನು ತಾನೇ ದುಡಿದುಕೊಳ್ಳುತ್ತದೆ. ಅದಕ್ಕೆ ಚೀಲದ ಆಹಾರ ಅರ್ಧ ಸಾಕಾದೀತು. ನಾಲ್ಕೈದು ನಾಟಿ ಕೋಳಿಯವರು ಬೆರೆಸುವ ಗೋಜಿಗೇ ಹೋಗಬೇಕಾಗಿಲ್ಲ. ಆದರೆ ವಠಾರದ ಗೂಡಿನಲ್ಲಿ ಮುಚ್ಚಿಟ್ಟ ಕೋಳಿಗೆ ಕೆದಕಲು ನೆಲವಿಲ್ಲ. ಅದು ನಾವು ಕೊಟ್ಟದ್ದನ್ನೇ ನಂಬಿದೆ.

ಇನ್ನೊಂದು ಅಪಾಯ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೆಂದು ತಿಳಿಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಹಸಿ ಆರದ ಮೆಕ್ಕೆಜೋಳದಲ್ಲೂ, ತೇವ ತಗುಲಿದ ಹಿಂಡಿಯಲ್ಲೂ ಇದೇ ಬೂಷ್ಟು ಬೆಳೆಯುತ್ತದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗುತ್ತದೆ, ವಿಷ ಹೋಗುವುದಿಲ್ಲ. ಹುರಿದರೂ ಪೂರ್ತಿ ಹೋಗುವುದಿಲ್ಲ. ನಾನೇ ಒಂದು ಸಲ ಅಗ್ಗಕ್ಕೆ ಸಿಕ್ಕಿತೆಂದು ನೆನೆದ ಹಿಂಡಿ ತಂದು, ಒಣಗಿಸಿ ಹಾಕಿ, ಹದಿನೈದು ದಿನದೊಳಗೆ ಐದು ಕೋಳಿ ಕಳೆದುಕೊಂಡೆ. ಆ ಉಳಿತಾಯದ ಲೆಕ್ಕ ಇನ್ನೂ ನೆನಪಿದೆ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ಟನೆ ಒಡೆಯಬೇಕು. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಬೇಕು. ಒಮ್ಮೆ ಬೆರೆಸಿದ್ದನ್ನು ಎರಡು ಮೂರು ವಾರದಲ್ಲಿ ಮುಗಿಸಬೇಕು.

ಹಸಿ ಸೋಯಾ ಕಾಳನ್ನು ಒಡೆದು ಹಾಕಬೇಡಿ. ಪ್ರೋಟೀನು ಜೀರ್ಣವಾಗದಂತೆ ತಡೆಯುವ ಗುಣ ಅದರಲ್ಲಿದೆ. ಹಿಂಡಿಯಲ್ಲಿ ಅದು ಕಾವಿಗೆ ಸತ್ತಿರುತ್ತದೆ. ಉಪ್ಪು ಮತ್ತು ಖನಿಜವನ್ನು ನೇರವಾಗಿ ರಾಶಿಗೆ ಸುರಿಯಬೇಡಿ. ಒಂದೆರಡು ಕೆ.ಜಿ. ತೌಡಿನಲ್ಲಿ ಮೊದಲು ಕಲಸಿ, ಆಮೇಲೆ ರಾಶಿಗೆ ಹರಡಿ. ಇಲ್ಲದಿದ್ದರೆ ಒಂದು ಕೋಳಿಗೆ ಉಪ್ಪೆಲ್ಲ, ಇನ್ನೊಂದಕ್ಕೆ ಏನೂ ಇಲ್ಲ.

ರೈತನ ಬೆಲೆ, ಚೀಲದ ಬೆಲೆ

ಈಗ ರಾಜಕೀಯಕ್ಕೆ ಬರುತ್ತೇನೆ. ಅಧ್ಯಕ್ಷರು ಅದಕ್ಕೇ ಕಾದಿದ್ದಾರೆ. (ನಗು)

ಲೋಹಿಯಾ ಅವರು ಒಂದು ಅಳತೆಗೋಲು ಕೊಟ್ಟಿದ್ದರು. ಕಾರ್ಖಾನೆಯ ಸರಕಿನ ಬೆಲೆ ಅದನ್ನು ತಯಾರಿಸಿದ ಖರ್ಚಿನ ಒಂದೂವರೆ ಪಟ್ಟನ್ನು ಮೀರಬಾರದು ಎಂಬುದಾಗಿ. ಚೀಲಕ್ಕೆ ಆ ಗೋಲು ಹಿಡಿಯೋಣ. ಈ ಉದಾಹರಣೆಯ ದರದಲ್ಲಿ ಇಪ್ಪತ್ತೊಂಬತ್ತೂವರೆಯ ಸಾಮಾನು 37ಕ್ಕೆ ಮಾರಾಟವಾಗುತ್ತದೆ, ಅಂದರೆ ಸಾಮಾನಿನ ಬೆಲೆಯ ಒಂದೂಕಾಲು ಪಟ್ಟು. ಸತ್ಯವನ್ನು ಸತ್ಯವೆಂದೇ ಹೇಳಬೇಕು: ಈ ದರದಲ್ಲಿ ಚೀಲ ಮಾಡುವವನನ್ನು ದರೋಡೆಗಾರನೆಂದು ಕರೆಯಲು ಬರುವುದಿಲ್ಲ. ಓಣಿಯ ಅಂಗಡಿಯವನನ್ನಂತೂ ಕರೆಯಲೇಬಾರದು. ಅವನು ಆ 37ರಲ್ಲಿ ಒಂದೆರಡು ರೂಪಾಯಿ ಕಂಡರೆ ಹೆಚ್ಚು. ಅದರಲ್ಲೂ ಅರ್ಧ ಉದ್ರಿ ಪುಸ್ತಕದಲ್ಲಿ ಉಳಿದಿರುತ್ತದೆ.

ಹಾಗಾದರೆ ಅನ್ಯಾಯ ಎಲ್ಲಿದೆ? ಬೆಲೆ ಏರಿಳಿಯುವಾಗ ಇದೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಗಗನಕ್ಕೇರಿತು. ಆ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಒಪ್ಪಿಗೆ ಕೊಡಬೇಕಾಯಿತು. ಆಗ ಚೀಲದ ಬೆಲೆ ಏರಿದ್ದು ನಿಮಗೆ ನೆನಪಿದೆ. 2023-24ರಿಂದ ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವುದಕ್ಕೆ ಸರ್ಕಾರ ಒತ್ತಾಸೆ ಕೊಟ್ಟಿತು; ಕೋಳಿಯ ತಟ್ಟೆಗೆ ಮೋಟಾರು ಗಾಡಿಯೂ ಪಾಲಿಗೆ ಬಂತು. ಆಗಲೂ ಕಾಳು ತುಟ್ಟಿಯಾಯಿತೆಂದು ಕಾರಣ ಹೇಳಿದರು. ಆದರೆ 2025ರ ನವೆಂಬರಿನಲ್ಲಿ, 2,400ರ ಬೆಂಬಲ ಬೆಲೆ ಕಾಗದದ ಮೇಲಿದ್ದಾಗಲೇ, ಕರ್ನಾಟಕದ ಪೇಟೆಗಳಲ್ಲಿ ಮೆಕ್ಕೆಜೋಳ 2,000ಕ್ಕಿಂತ ಕೆಳಗೆ ಬಿತ್ತು. ರೈತರು ರಸ್ತೆಗಿಳಿದರು. ಆಗ ಚೀಲ ಇಳಿಯಿತೆ?

ಎಷ್ಟು ಇಳಿಯಬೇಕಿತ್ತೆಂದು ಹೇಳುವ ಶಕ್ತಿ ಈಗ ನಿಮ್ಮ ಕೈಯಲ್ಲಿದೆ. ಕಾಳು ಕೆ.ಜಿ.ಗೆ 24ರಿಂದ 18ಕ್ಕೆ ಇಳಿಯಿತೆನ್ನಿ. ನೂರು ಕೆ.ಜಿ. ಆಹಾರದಲ್ಲಿ ಕಾಳು 55 ಕೆ.ಜಿ. 55ನ್ನು 6ರಿಂದ ಗುಣಿಸಿದರೆ 330. ಅಂದರೆ 50 ಕೆ.ಜಿ. ಚೀಲಕ್ಕೆ 165 ರೂಪಾಯಿ ಇಳಿಯಬೇಕು. ಇಳಿಯದಿದ್ದರೆ ಆ 165 ರೈತನಿಗೂ ಸಿಗಲಿಲ್ಲ, ನಿಮಗೂ ಸಿಗಲಿಲ್ಲ. ನಡುವೆ ಎಲ್ಲೋ ನಿಂತಿತು. ಮಿಶ್ರಣದ ಅಳತೆ ತಿಳಿಯುವುದರ ದೊಡ್ಡ ಪ್ರಯೋಜನ ಇದು. ನೀವು ಒಂದು ಹಿಡಿಯೂ ಬೆರೆಸದಿದ್ದರೂ ಕೇಳಲು ಬಾಯಿ ಬರುತ್ತದೆ.

ಇಲ್ಲೊಂದು ಎಚ್ಚರ. "ಕಾಳು ಬಿದ್ದಿದೆ, ರೈತನಿಂದ 18ಕ್ಕೇ ಎತ್ತಿ ತುಂಬಿಸಿಕೊಳ್ಳೋಣ" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನರ ಅಣ್ಣತಮ್ಮಂದಿರು ಹಳ್ಳಿಯಲ್ಲಿ ಅದೇ ಜೋಳ ಬೆಳೆಯುತ್ತಿದ್ದಾರೆ. ಅಣ್ಣನ ಹೊಟ್ಟೆ ಹೊಡೆದು ತಮ್ಮನ ಕೋಳಿ ಕೊಬ್ಬಿಸುವುದು ಸಮಾಜವಾದವಲ್ಲ. ನಾನು ಲೆಕ್ಕದಲ್ಲಿ ಬೆಂಬಲ ಬೆಲೆಯನ್ನೇ ಹಿಡಿದದ್ದು ಇದಕ್ಕಾಗಿ. ರೈತನಿಗೆ ಪೂರ್ತಿ 24 ಕೊಟ್ಟು ನಮಗೆ ಏನಾದರೂ ಉಳಿಯುತ್ತದೆಯೆ ಎಂಬುದೇ ನಿಜವಾದ ಪ್ರಶ್ನೆ.

ಒಂಟಿ ಮನೆಗಲ್ಲ, ಇಪ್ಪತ್ತು ಮನೆಗೆ

ಉಳಿಯುತ್ತದೆ, ಒಟ್ಟಾಗಿ ಕೊಂಡರೆ. ಹತ್ತು ಕೋಳಿಯ ಇಪ್ಪತ್ತು ಮನೆ ಸೇರಿದರೆ ಇನ್ನೂರು ಕೋಳಿ. ತಿಂಗಳಿಗೆ 660 ಕೆ.ಜಿ. ಸಗಟು ದರದಲ್ಲಿ ಕೆ.ಜಿ.ಗೆ 4 ರೂಪಾಯಿಯಂತೆ 2,640 ಉಳಿಯಿತು. ತಿಂಗಳಿಗೆ ಎರಡು ಸಲ, ಇಬ್ಬರಂತೆ, ಅರ್ಧರ್ಧ ದಿನ ಬೆರೆಸಿದರೆ ಒಟ್ಟು ಎರಡು ದಿನದ ಕೂಲಿ. ದಿನಕ್ಕೆ 600ರಂತೆ 1,200 ಕೊಟ್ಟುಬಿಡೋಣ, ಹೆಂಗಸರಾದರೂ ಅಷ್ಟೇ, ಗಂಡಸರಾದರೂ ಅಷ್ಟೇ. ಮಿಕ್ಕದ್ದು 1,440. ಮನೆಗೆ 72 ರೂಪಾಯಿ.

ಇಷ್ಟೇಯೆ ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಹೌದು, ಇಷ್ಟೆ. ಅರ್ಧಕ್ಕರ್ಧ ಉಳಿಯುತ್ತದೆಂದು ನಾನು ಸುಳ್ಳು ಹೇಳಲಾರೆ. ಆದರೆ ಒಂಟಿಯಾಗಿ ಬೆರೆಸಿದ ಮನೆ ತಿಂಗಳಿಗೆ 80 ರೂಪಾಯಿ ಕಳೆದುಕೊಳ್ಳುತ್ತಿತ್ತು, ಅದೂ ಹೆಂಗಸಿನ ದುಡಿಮೆಗೆ ಕಾಸಿಲ್ಲದೆ. ಒಟ್ಟು ಸೇರಿದ ಮನೆ 72 ಉಳಿಸಿತು, ದುಡಿದವರಿಗೆ ಕೂಲಿ ಕೊಟ್ಟು, ರೈತನಿಗೆ ಬೆಂಬಲ ಬೆಲೆ ಕೊಟ್ಟು. ನಡುವಿನ ಅಂತರ ನೂರೈವತ್ತು ರೂಪಾಯಿ.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 28 ಜನ ನೇಕಾರರು ಮತ್ತು ಕುಶಲಕರ್ಮಿಗಳು ತಲಾ ಒಂದು ಪೌಂಡು ಕೂಡಿಸಿ ಒಂದು ಅಂಗಡಿ ತೆರೆದರು. ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು. ಕಲಬೆರಕೆಯಿಲ್ಲದ ಸಾಮಾನು, ಸರಿಯಾದ ತೂಕ, ನಗದು ವ್ಯಾಪಾರ, ಕೊಂಡಷ್ಟಕ್ಕೆ ತಕ್ಕ ಲಾಭದ ಪಾಲು: ಇಷ್ಟೇ ಅವರ ಕಟ್ಟಲೆ. ಜಗತ್ತಿನ ಸಹಕಾರ ಚಳವಳಿಗೆ ಅದು ಮಾದರಿಯಾಯಿತು. ನಮ್ಮ ನೆಲದಲ್ಲೂ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಈ ಊರಿಗೆ ಇಪ್ಪತ್ತು ಮನೆ ಸೇರಿಸುವುದು ಕಷ್ಟವಾಗಬಾರದು.

ವ್ಯಾಪಾರಿ ಮಿತ್ರರು ಮುಖ ಗಂಟಿಕ್ಕಬೇಕಾಗಿಲ್ಲ. ಹಿಂಡಿ, ಚಿಪ್ಪು, ಖನಿಜ ಮಿಶ್ರಣ ಇವನ್ನು ಇಡೀ ಚೀಲದ ಲೆಕ್ಕದಲ್ಲಿ, ನಗದು ಕೊಟ್ಟು, ನಿಮ್ಮ ಮೂಲಕವೇ ತರಿಸೋಣ. ಇಪ್ಪತ್ತು ಉದ್ರಿ ಗಿರಾಕಿಗಳ ಬದಲು ಒಬ್ಬ ನಗದು ಗಿರಾಕಿ ನಿಮಗೂ ಒಳ್ಳೆಯದೇ.

ಕೊನೆಯ ಮಾತು. ಇಪ್ಪತ್ತು ಮನೆ ಸೇರುವವರೆಗೆ ಚೀಲವನ್ನೇ ಕೊಳ್ಳಿ, ಮುಸುರೆ ಸೊಪ್ಪು ಜೊತೆಗೆ ಹಾಕಿ. ಒಂಟಿಯಾಗಿ ಬೆರೆಸಿ ಕೈ ಸುಟ್ಟುಕೊಳ್ಳಬೇಡಿ. ಬರುವ ಸಭೆಗೆ ಪ್ರತಿಯೊಬ್ಬರೂ ಕಳೆದ ಆರು ತಿಂಗಳ ಚೀಲದ ಚೀಟಿಗಳನ್ನು ತನ್ನಿ. ಅದೇ ದಿನಗಳ ಮೆಕ್ಕೆಜೋಳದ ದರವನ್ನು ಕೃಷಿ ಮಾರುಕಟ್ಟೆಯ ಹಲಗೆಯಿಂದ ನಾನು ಬರೆದು ತರುತ್ತೇನೆ. ಎರಡನ್ನೂ ಪಕ್ಕಪಕ್ಕಕ್ಕಿಟ್ಟು 55ರಿಂದ ಗುಣಿಸೋಣ. ಆ ಮೇಲೆ ಯಾರ ಬಾಗಿಲಿಗೆ ಹೋಗಿ ಏನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.